ಆಗದವಳೊಬ್ಬಳು ಬೇಕಾಗಿದ್ದಳು

ನಮ್ಮೂರಿನ ಕೆರೆ ಯುಗಾದಿ ಕಳೆದು ಬಿಸಿಲು ನೆತ್ತಿ ಸುಡುವ ಹೊತ್ತಿಗೆ ಸರಿಯಾಗಿ ಹೆಪ್ಪುಗಟ್ಟುತ್ತದೆ, ಮುಂಗಾರಿನ ಮೊದಲ ಮಳೆಗೆ ಕರಗುತ್ತದೆ. ಯಾಕೆ, ಹೇಗೆ ಎಂದು ಕೇಳಿಕೊಂಡು ಬರುವ ಪರವೂರಿನವರ ಮುಂದೆ ನಾನು ಒಂದು ಪ್ಲೇಟು ಇಡ್ಲಿ ಇಟ್ಟು, ತಿಂದು ಎದ್ದುಹೋಗಿ ಎನ್ನುತ್ತೇನೆ. ಅವರ ಊರಿನ ನಲ್ಲಿಯಲ್ಲಿ ನೀರು ಯಾಕೆ ಬರುವುದಿಲ್ಲ ಎಂದು ನಾನೇನಾದರೂ ಕೇಳಲು ಹೋಗಿದ್ದೇನೆಯೇ? ದಡದ ಮೇಲೆ ಹೆಂಗಸರು ಸಂಡಿಗೆ ಒಣಹಾಕಿ ಬೆವರು ಒರೆಸಿಕೊಳ್ಳುತ್ತಾರೆ. ಕೆಳಗೆ ಮಕ್ಕಳು ಸ್ವೆಟರು ಹಾಕಿಕೊಂಡು ಹಾಕಿ ಆಡುತ್ತಾರೆ. ಕೆರೆಯ ಅಂಚಿನಲ್ಲಿ ಮನೆಗೊಂದು ಕುಳಿ ಕೊರೆದುಕೊಂಡಿದ್ದೇವೆ. ಮೊಸರಿನ ಗಡಿಗೆ, ಮಾವಿನಹಣ್ಣು, ನೆಂಟರು ಬಂದಾಗ ಪಾನಕದ ಕೊಡ ಎಲ್ಲ ಅದರಲ್ಲಿ.

ಈ ಆಟಕ್ಕೆ ಐಸ್ ಹಾಕಿ ಎಂದು ಟೀವಿಯವರು ಹೇಳುತ್ತಾರಂತೆ. ನಮಗೆ ಅದು ಬರೀ ಹಾಕಿ. ಕಾಲಿಗೆ ಅಲಗು ಬಡಿದ ಬೂಟು, ಕೈಯಲ್ಲಿ ಸೊಟ್ಟ ಕೋಲು, ಚೆಂಡಿನ ಬದಲು ಕಪ್ಪು ರಬ್ಬರಿನ ಬಿಲ್ಲೆ. ಹತ್ತು ವರ್ಷದವರೆಗಿನ ಪುಟಾಣಿಗಳು ಹೇಗೆ ಬೇಕಾದರೂ ಬಿದ್ದು ಎದ್ದು ಆಡಬಹುದು. ಹನ್ನೊಂದು ತುಂಬಿತೋ, ಪ್ರತಿ ಬೇಸಿಗೆ ಮಗುವನ್ನು ಅಳೆದು ತೂಗಿ ಮೂರು ತಂಡದಲ್ಲಿ ಒಂದಕ್ಕೆ ಹಾಕುತ್ತಾರೆ. ನಡುಗೆರೆ ತಂಡ ಎಲ್ಲಕ್ಕಿಂತ ಮೇಲು. ಕೆರೆಯ ನಡುವೆ ಮಂಜು ಕಲ್ಲುಚಪ್ಪಡಿಯಷ್ಟು ಗಟ್ಟಿ, ಅದರ ಮೇಲೆ ಆನೆ ನಡೆಸಿದರೂ ಸದ್ದಾಗುವುದಿಲ್ಲ. ಅದಕ್ಕಿಂತ ಕಡಿಮೆಯವರು ಕೆರೆಗಿಳಿಯುವ ಮೆಟ್ಟಿಲ ಹತ್ತಿರ ಆಡುವ ಮೆಟ್ಟಿಲು ತಂಡ. ಅಲ್ಲಿ ಮಂಜು ಆಗಾಗ ಕೊಸರಿ ಸದ್ದು ಮಾಡುತ್ತದೆ. ಏನೂ ಬಾರದವರು ದಡದ ತಂಡ. ದಡದ ಕಲ್ಲು ಬಿಸಿಲಿಗೆ ಕಾದು, ಪಕ್ಕದ ಮಂಜು ದಿನವಿಡೀ ಪಟ್ ಪಟ್ ಎಂದು ಬಿರುಕು ಬಿಡುತ್ತಿರುತ್ತದೆ.

ಹಿಂದೆ ಈ ಅಳೆದು ತೂಗುವ ಕೆಲಸ ಊರಿನ ದೊಡ್ಡವರದಾಗಿತ್ತು. ಒಬ್ಬನ ಅಕ್ಕನ ಮಗ, ಇನ್ನೊಬ್ಬನ ಮೊಮ್ಮಗಳು, ಮತ್ತೊಬ್ಬನಿಗೆ ಕೋಳಿ ಕೊಟ್ಟವನ ಮಗ ಅಂತ ಒಂದು ವರ್ಷ ಊರಿನ ಮಕ್ಕಳೆಲ್ಲ ನಡುಗೆರೆ ತಂಡಕ್ಕೆ ಸೇರಿ, ಉಳಿದೆರಡು ತಂಡಕ್ಕೆ ಒಂದು ನರಪಿಳ್ಳೆಯೂ ಸಿಗಲಿಲ್ಲವಂತೆ. ಆಗ ಹುಟ್ಟಿದ ಪದ್ಧತಿ ಇದು: ಮಗುವನ್ನು ಅಳೆಯಬೇಕಾದವರು ಆ ಮನೆಗೆ ಆಗದವರು. ಹೊಗಳುವುದು ಬೇಡ, ಬರೀ ತಪ್ಪು ಹೇಳಬೇಕು. ಆಗದವರ ಕಣ್ಣಿಗೆ ಬೀಳದ ತಪ್ಪು ದೇವರ ಕಣ್ಣಿಗೂ ಬೀಳುವುದಿಲ್ಲ. ಅವರು ಹೇಳಿದ ತಪ್ಪನ್ನು ಲೆಕ್ಕಕ್ಕೆ ಹಿಡಿದೇ ಮಗುವನ್ನು ತಂಡಕ್ಕೆ ಹಾಕಬೇಕು, ಮೀರುವ ಹಾಗಿಲ್ಲ. ಹಾಗೆಂದು ಇಲ್ಲದ ತಪ್ಪು ಹೇಳಿದರೆ, ಇಡೀ ಊರು ನೋಡುತ್ತಾ ಕೂತಿರುತ್ತದಲ್ಲ, ಆ ಬೇಸಿಗೆಯೆಲ್ಲ ಅವರ ಮನೆಯ ಮೊಸರಿನ ಗಡಿಗೆಗೆ ಕೆರೆಯಲ್ಲಿ ಜಾಗವಿಲ್ಲ. ವೈಶಾಖದಲ್ಲಿ ಹುಳಿ ಮೊಸರು ತಿಂದು ನೋಡಿ, ಸತ್ಯ ತಾನಾಗಿ ಬಾಯಿಗೆ ಬರುತ್ತದೆ.

ಹೀಗಾಗಿ ನಮ್ಮೂರಿನಲ್ಲಿ ಮಕ್ಕಳಿರುವವರು ಜಗಳವನ್ನು ಜೋಪಾನ ಮಾಡುತ್ತಾರೆ. ಮೂಲೆಮನೆಯವರೂ ಗಿರಣಿಮನೆಯವರೂ ಒಂದು ಚರಂಡಿಗೋಸ್ಕರ ಅಜ್ಜಂದಿರ ಕಾಲದಲ್ಲಿ ಮಾತು ಬಿಟ್ಟವರು. ಆ ಚರಂಡಿ ಮುಚ್ಚಿ ಯಾವ ಕಾಲವಾಯಿತೋ. ಆದರೂ ಎರಡು ಮನೆಯ ಮುದುಕಿಯರು ಬೇಸಿಗೆಗೆ ಮುಂಚೆ ಬೀದಿಯಲ್ಲಿ ನಿಂತು, ಇಲ್ಲದ ಚರಂಡಿಯ ಮೇಲೆ ಒಂದು ಸಲ ಕಿತ್ತಾಡಿ, ಒಳಗೆ ಹೋಗಿ ಕಾಫಿ ಕುಡಿಯುತ್ತಾರೆ.

ನನ್ನ ಗ್ರಹಚಾರ ನೋಡಿ, ನನಗೆ ಆಗದವರೇ ಇರಲಿಲ್ಲ.

ನಾನು ಒಳ್ಳೆಯವಳು ಅಂತ ತಿಳಿಯಬೇಡಿ. ನನ್ನ ಹೆಸರು ಸಿಂಗಾರಮ್ಮ, ಸಿಂಗಾರ ಹೆಸರಿನಲ್ಲಷ್ಟೇ. ಕೆರೆಬೀದಿಯಲ್ಲಿ ಇಡ್ಲಿ ಹೋಟೆಲು ನಡೆಸುತ್ತೇನೆ. ನನ್ನ ಯಜಮಾನರು ಹಿತ್ತಲಲ್ಲಿ ಹಿಟ್ಟು ರುಬ್ಬುತ್ತಾರೆ, ದಿನಕ್ಕೆ ಒಂದು ಮಾತಾಡಿದರೆ ಹೆಚ್ಚು. ಅವರ ಪಾಲಿನದನ್ನೂ ಸೇರಿಸಿ ನಾನೇ ಆಡುತ್ತೇನೆ. ಗಿರಾಕಿ ಒಳಗೆ ಕಾಲಿಟ್ಟರೆ ಸಾಕು, 'ಬಂದ್ಯಾ ಮೂದೇವಿ, ಮನೇಲಿ ಒಲೆ ಹಚ್ಚಿಲ್ವಾ?' ಅಂತ ಶುರುಮಾಡುತ್ತೇನೆ. ಮೊದಮೊದಲು ಯಾರಾದರೂ ಸಿಟ್ಟಾಗುತ್ತಿದ್ದರೇನೋ, ನನಗೆ ನೆನಪಿಲ್ಲ. ಈಗ ನನ್ನ ಬಾಯಿಂದ ಬೈಸಿಕೊಳ್ಳದಿದ್ದರೆ ಇಡ್ಲಿ ಅರಗುವುದಿಲ್ಲ ಅನ್ನುತ್ತಾರೆ. ಮದುವೆಯಾದ ಹೊಸ ಜೋಡಿಗಳು ಮೊದಲು ದೇವಸ್ಥಾನಕ್ಕೆ ಹೋಗಿ ಆಮೇಲೆ ನನ್ನ ಹತ್ತಿರ ಬೈಸಿಕೊಳ್ಳಲು ಬರುತ್ತಾರೆ, ಮಾನಗೆಟ್ಟವರು.

ಈ ವರ್ಷ ನನ್ನ ಮಗಳು ಭಾಮಿನಿಗೆ ಹನ್ನೊಂದು ತುಂಬಿತು. ಮಕ್ಕಳಿಗೆ ಆಟ ಹೇಳಿಕೊಡುವ ವರದಯ್ಯ ಮೇಷ್ಟ್ರು ಎರಡನೇ ಪ್ಲೇಟು ಇಡ್ಲಿ ಮುಗಿಸಿ, ಕೈ ನೆಕ್ಕುತ್ತಾ ಕೇಳಿದರು.

"ಸಿಂಗಾರಮ್ಮೋರೆ, ಹುಡುಗೀನ ಈ ಸಲ ತಂಡಕ್ಕೆ ಹಾಕ್ಬೇಕು. ನಿಮಗೆ ಆಗದೋರು ಯಾರು?"

"ನೀವೇ. ನಿಮ್ಮನ್ನ ಕಂಡ್ರೆ ನಂಗೆ ಮೈಯೆಲ್ಲಾ ಉರಿಯುತ್ತೆ. ಬೂದುಗುಂಬಳದಂಥ ಮುಖ ಇಟ್ಕೊಂಡು ಪುಕ್ಕಟೆ ಸಾಂಬಾರು ಕುಡಿಯೋಕೆ ಬರ್ತೀರ."

ಮೇಷ್ಟ್ರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ತಮಾಷೆ ಬಿಡಿ. ಆಗದೋರು ಇಲ್ಲ ಅಂದ್ರೆ ಹುಡುಗಿ ತಪ್ಪು ಹೇಳೋರಿಲ್ಲ. ತಪ್ಪು ಹೇಳೋರಿಲ್ಲ ಅಂದ್ರೆ ತಂಡ ಇಲ್ಲ. ದಡದ ಮೇಲೆ ಕೂತು ಕಾಗೆ ಓಡಿಸ್ಕೊಂಡು ಸಂಡಿಗೆ ಕಾಯ್ಬೇಕಾಗುತ್ತೆ."

ಭಾಮಿನಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಇದನ್ನೆಲ್ಲ ಕೇಳಿಸಿಕೊಂಡಳು. ಈ ಹುಡುಗಿ ಹಾಕಿ ಕೋಲನ್ನು ಪಕ್ಕದಲ್ಲಿ ಮಲಗಿಸಿಕೊಂಡು ಮಲಗುವವಳು. ಬೂಟು ಹಾಕಿಕೊಂಡೇ ಅಡುಗೆಮನೆಯಲ್ಲಿ ಓಡಾಡಿ ನನ್ನ ಕಡಪಾ ಕಲ್ಲನ್ನೆಲ್ಲ ಗೀರುಗೀರು ಮಾಡಿದವಳು. ಅವಳು ಅಳಲಿಲ್ಲ, ಹಟ ಮಾಡಲಿಲ್ಲ. ಹೋಗಿ ಬೂಟಿನ ದಾರ ಬಿಚ್ಚಿ, ಅಟ್ಟದ ಮೇಲೆ ಇಟ್ಟಳು. ಅತ್ತಿದ್ದರೆ ಎರಡು ಬೈದು ಸುಮ್ಮನಾಗುತ್ತಿದ್ದೆ. ಅಟ್ಟದ ಮೇಲಿನ ಆ ಬೂಟಿಗೆ ಏನೆಂದು ಬೈಯುವುದು?

ಸರಿ, ಆಗದವರನ್ನು ಮಾಡಿಕೊಳ್ಳೋಣ ಅಂತ ಹೊರಟೆ. ಬಾಯಿ ಇದೆಯಲ್ಲ, ಏನು ಮಹಾ ಅಂದುಕೊಂಡೆ. ಗಿರಣಿಯವನ ಮೂರು ತಲೆಮಾರನ್ನು ಜಾಲಾಡಿದೆ. ಅವನು ಗಿರಣಿ ನಿಲ್ಲಿಸಿ, "ಅಕ್ಕ, ಇನ್ನೊಂದ್ಸಲ ಹೇಳಿ, ನಮ್ಮನೆಯೋಳ್ಗೂ ಕೇಳಿಸ್ಲಿ" ಎಂದು ಹೆಂಡತಿಯನ್ನು ಕೂಗಿದ. ಹೊಸ ಬಿಳಿ ಅಂಗಿ ತೊಟ್ಟು ಹೆಣ್ಣು ನೋಡಲು ಹೊರಟಿದ್ದ ಒಬ್ಬನ ಮೇಲೆ ಬೇಕೆಂದೇ ಸಾಂಬಾರು ಚೆಲ್ಲಿದೆ. ಹುಡುಗಿ ಒಪ್ಪಿದಳಂತೆ. ಸಂಜೆ ಬಂದು ನನ್ನ ಕಾಲಿಗೆ ಬಿದ್ದು ಹೋದ, ನಿಮ್ಮ ಸಾಂಬಾರಿನ ಕೈಗುಣ ಎಂದು. ಮೂಲೆಮನೆ ಮುದುಕಿಯ ಸಂಡಿಗೆಯನ್ನು ಕಾಲಲ್ಲಿ ತುಳಿದೆ. ಅವಳು ನನ್ನ ಪಾದ ಹಿಡಿದು, "ಸುಟ್ಟುಕೊಂಡ್ಯೇನೇ ತಾಯಿ, ನೆಲ ಕಾದಿತ್ತು" ಎಂದು ಎಣ್ಣೆ ಹಚ್ಚಿದಳು. ಥೂ ಇವರ ಒಳ್ಳೆತನಕ್ಕಿಷ್ಟು!

ಸೋತು ಬಂದು ಹಿತ್ತಲಲ್ಲಿ ಕುಸಿದು ಕೂತೆ. ಯಜಮಾನರು ರುಬ್ಬುವುದನ್ನು ನಿಲ್ಲಿಸಿದರು. ಅವತ್ತಿನ ಮಾತು ಖರ್ಚು ಮಾಡಲು ಹೊರಟಿದ್ದಾರೆ ಅಂತ ಗೊತ್ತಾಯಿತು.

"ಬೈದ್ರೆ ಆಗಲ್ಲ ಕಣೇ. ಮರ್ಯಾದೆ ಕೊಟ್ಟು ನೋಡು."

"ಮರ್ಯಾದೆ ಕೊಟ್ರೆ ಯಾರಿಗ್ರೀ ನೋವಾಗುತ್ತೆ?"

ಅವರು ಹಿಂಬಾಗಿಲಿನ ಕಡೆ ಒಮ್ಮೆ ನೋಡಿ ಮತ್ತೆ ರುಬ್ಬತೊಡಗಿದರು. ಅದೇ ಹೊತ್ತಿಗೆ ಹಿಂಬಾಗಿಲು ತಳ್ಳಿಕೊಂಡು ಕೆಂಪಾಜಮ್ಮ ಒಳಗೆ ಬಂದಳು.

ಕೆಂಪಾಜಮ್ಮನದು ನಮ್ಮ ಹೋಟೆಲಿನ ಎದುರಿಗೆ ಎಲೆ ಅಡಿಕೆ ಅಂಗಡಿ. ಮಾರುವುದಕ್ಕಿಂತ ತಾನೇ ತಿನ್ನುವುದು ಜಾಸ್ತಿ. ನಾವಿಬ್ಬರೂ ಲಂಗ ಹಾಕುತ್ತಿದ್ದ ಕಾಲದಿಂದ ಜೊತೆಗಿದ್ದವರು. ಬೆಳಗಾದರೆ ಹಿಂಬಾಗಿಲಿನಿಂದ ಬಂದು, ಅಡುಗೆಮನೆಯ ಗಿಡ್ಡ ಮಣೆಯ ಮೇಲೆ ಕೂತು, ಚಟ್ನಿಗೆ ಒಡೆದ ತೆಂಗಿನಕಾಯಿಯ ಮೊದಲ ಚೂರನ್ನು ಕೇಳದೆ ಬಾಯಿಗೆ ಹಾಕಿಕೊಳ್ಳುವಳು. ನಾನು, "ತಿನ್ನು, ತಿಂದು ತಿಂದೇ ಸಾಯಿ" ಅನ್ನುವುದು, ಅವಳು, "ನಿನ್ನ ತಿಥಿ ಊಟ ಮಾಡ್ದೆ ಸಾಯಲ್ಲ ಹೋಗೇ" ಅನ್ನುವುದು. ಅದಾದ ಮೇಲೆಯೇ ನಮ್ಮ ಮನೆಯಲ್ಲಿ ಸೂರ್ಯ ಹುಟ್ಟುವುದು. ಭಾಮಿನಿ ಬೆಳೆದಿದ್ದು ಅವಳ ಸೊಂಟದ ಮೇಲೆ. ಹುಡುಗಿ ನಾಲ್ಕು ವರ್ಷದವಳಿದ್ದಾಗ ದಡದ ಮಂಜು ಪಟ್ಟೆಂದು ಸೀಳಿ ಒಂದು ಕಾಲು ಮಂಡಿಯವರೆಗೆ ಒಳಗೆ ಹೋಗಿತ್ತು. ಎಳೆದು ತೆಗೆದವಳು ಕೆಂಪಾಜಮ್ಮ. ಇವತ್ತಿಗೂ ಮಂಜು ಬಿರುಕು ಬಿಡುವ ಸದ್ದು ಕೇಳಿದರೆ ಭಾಮಿನಿ ಕಣ್ಣು ಮುಚ್ಚಿ ನಿಂತಲ್ಲೇ ನಿಂತುಬಿಡುತ್ತಾಳೆ. ಇದು ಗೊತ್ತಿದ್ದಿದ್ದು ನನಗೆ ಮತ್ತು ಕೆಂಪಾಜಮ್ಮನಿಗೆ ಮಾತ್ರ. ನಡುಗೆರೆಯಲ್ಲಿ ಗಾಳಿಯ ಹಾಗೆ ಆಡುವ ಹುಡುಗಿಗೆ ಇಂಥದೊಂದು ಹೆದರಿಕೆ ಇದೆ ಎಂದು ಯಾರಿಗೆ ತಿಳಿಯಬೇಕು?

ಮೊದಲೇ ಹೇಳಿ ಇಬ್ಬರೂ ನಾಟಕ ಆಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಕೆಂಪಾಜಮ್ಮನ ಮುಖಕ್ಕೆ ನಾಟಕ ಬರುವುದಿಲ್ಲ, ಇಸ್ಪೀಟು ಆಡುವಾಗ ಅವಳ ಎಲೆಯನ್ನು ಅವಳ ಹುಬ್ಬಿನಲ್ಲೇ ಓದಬಹುದು. ಮೇಲಾಗಿ ಜಗಳ ನಿಜವೋ ಸುಳ್ಳೋ ಎಂದು ಮೇಷ್ಟ್ರು ಪರೀಕ್ಷೆ ಮಾಡುತ್ತಾರೆ. ನಿಜವಾಗಿ ನೋವಾಗಬೇಕಿತ್ತು.

ಮಾರನೆಯ ದಿನ ನಾನು ಹಿಂಬಾಗಿಲಿಗೆ ಅಗಳಿ ಹಾಕಿದೆ. ತಳ್ಳಿದಳು, ಬಡಿದಳು, "ಲೇ ಸಿಂಗಾರಿ, ಸತ್ಯೇನೇ ಒಳಗೆ?" ಎಂದು ಕೂಗಿದಳು. ನಾನು ಮಾತಾಡಲಿಲ್ಲ. ಸುತ್ತಿಕೊಂಡು ಮುಂಬಾಗಿಲಿಗೆ ಬಂದಳು. ಗಿರಾಕಿಗಳ ನಡುವೆ ಒಂದು ಕುರ್ಚಿಯನ್ನು ಒರೆಸಿ, ಎಳೆದು ಹಾಕಿದೆ.

"ಬನ್ನಿ ಅಮ್ಮ, ಕೂತ್ಕೊಳ್ಳಿ. ಏನು ಕೊಡಲಿ?"

ಅವಳು ನಕ್ಕಳು. "ಏನೇ ಇದು ಹೊಸ ವೇಷ?"

"ಇಡ್ಲಿ ಬಿಸಿ ಇದೆ. ಎರಡು ಕೊಡಲಾ?"

ಎಲೆ ಹಾಕಿದೆ, ನೀರು ಇಟ್ಟೆ, ಬಡಿಸಿದೆ. ಯಾವ ಮಾತಿಗೂ ಬೈಗುಳ ಸೇರಿಸಲಿಲ್ಲ. ಅವಳು ತಿನ್ನದೆ ನನ್ನ ಮುಖವನ್ನೇ ನೋಡಿದಳು. ಹೋಟೆಲಿನಲ್ಲಿ ಎಲ್ಲರೂ ತಿನ್ನುವುದನ್ನು ನಿಲ್ಲಿಸಿದ್ದರು. ಎದ್ದಳು. ಸೆರಗಿನ ಗಂಟು ಬಿಚ್ಚಿ ದುಡ್ಡು ತೆಗೆದು ಮೇಜಿನ ಮೇಲಿಟ್ಟಳು. ಅಷ್ಟು ವರ್ಷದಲ್ಲಿ ನನ್ನ ಮನೆಯಲ್ಲಿ ಅವಳು ದುಡ್ಡಿನ ಗಂಟು ಬಿಚ್ಚಿದ್ದು ಅದೇ ಮೊದಲು. ಬೇಡ ಅನ್ನುತ್ತೇನೋ ಎಂದು ಒಂದು ಗಳಿಗೆ ನಿಂತಳು. ನಾನು ದುಡ್ಡು ತೆಗೆದುಕೊಂಡು, "ಹೋಗಿ ಬನ್ನಿ" ಎಂದೆ.

ಅವಳ ಮುಖ ಹೇಗಾಯಿತು ಅಂತ ಹೇಳಲು ನನಗೆ ಬಾಯಿ ಬರುವುದಿಲ್ಲ. ಬಾಯಿ ಬಾರದ ವಿಷಯ ನನ್ನ ಜನ್ಮದಲ್ಲಿ ಇದೊಂದೇ.

ಸುದ್ದಿ ಊರೆಲ್ಲ ಹರಡಿತು. ವರದಯ್ಯ ಮೇಷ್ಟ್ರು ಮೂಗಿನ ಮೇಲೆ ಬೆರಳಿಟ್ಟುಕೊಂಡು ಬಂದರು. "ನಂಬೋಕಾಗ್ತಿಲ್ಲ. ನಾಳೆ ಇಬ್ಬರೂ ಕೆರೆ ಏರಿಗೆ ಬನ್ನಿ." ಪರೀಕ್ಷೆ ಏನೆಂದರೆ, ಇಬ್ಬರನ್ನೂ ಎದುರುಬದುರು ಕೂರಿಸಿ ನಡುವೆ ಒಂದು ತಟ್ಟೆಯಲ್ಲಿ ಎಲೆ ಅಡಿಕೆ ಇಡುತ್ತಾರೆ. ಆ ತಟ್ಟೆಯನ್ನು ಒಬ್ಬರು ತಮ್ಮ ಮನೆಯಿಂದ ತರಬೇಕು. ಕೆರೆಯಲ್ಲಿ ಪುಟಾಣಿಗಳು ಒಂದು ಆಟ ಆಡಿ ಮುಗಿಸುವವರೆಗೆ ಕೂತಿರಬೇಕು. ಒಳಗೊಳಗೆ ಸ್ನೇಹ ಇರುವವರು ಮಾತಿಗಲ್ಲದಿದ್ದರೂ ಬಾಯಿಚಪಲಕ್ಕೆ ಕೈಹಾಕಿಬಿಡುತ್ತಾರೆ. ಆಗದವರು ಮಾತ್ರ ಆಗದವರ ಮನೆಯ ಎಲೆ ಮುಟ್ಟುವುದಿಲ್ಲ. ಇಲ್ಲೇ ಕೆಟ್ಟೆವು ಎಂದುಕೊಂಡೆ. ಕೆಂಪಾಜಮ್ಮ ತನ್ನ ಗಂಡನ ಹೆಣದ ಮುಂದೆ ಅಳುವಾಗಲೂ ದವಡೆಯಲ್ಲಿ ಎಲೆ ಇಟ್ಟುಕೊಂಡಿದ್ದವಳು.

ಚಿಗುರೆಲೆ ಆರಿಸಿ, ಸುಣ್ಣ ಹದಮಾಡಿ, ಅವಳಿಗೆ ಇಷ್ಟದ ಗೋಟಡಿಕೆ ಚೂರು ಮಾಡಿ ತಟ್ಟೆ ತಂದೆ. ಎದುರಿಗೆ ಕೂತಳು. ನೆತ್ತಿಯ ಮೇಲೆ ಬಿಸಿಲು. ಕೆಳಗೆ ಪುಟಾಣಿಗಳು ಬಿಲ್ಲೆಗೋಸ್ಕರ ಒಬ್ಬರ ಮೇಲೊಬ್ಬರು ಉರುಳುತ್ತಿದ್ದರು. ಅವಳು ಒಂದು ಸಲವೂ ತಟ್ಟೆಯ ಕಡೆ ನೋಡಲಿಲ್ಲ. ದವಡೆ ಮಾತ್ರ ಬರಿದಾಗಿ ಆಡುತ್ತಿತ್ತು. ಆಟ ಮುಗಿದು ಮಕ್ಕಳು ಕೂಗಿದಾಗ ಎದ್ದು ಸೀರೆ ಕೊಡವಿಕೊಂಡು ಹೊರಟುಹೋದಳು. ಮೇಷ್ಟ್ರು ತಟ್ಟೆ ನೋಡಿದರು, ನನ್ನನ್ನು ನೋಡಿದರು.

"ನಿಜ ಕಣ್ರೀ," ಎಂದರು ಮೆಲ್ಲಗೆ. "ಏನು ಮಾಡಿಬಿಟ್ರಿ?"

ನಾನು ಗೆದ್ದಿದ್ದೆ. ಮನೆಗೆ ಹೋಗಿ ಅಟ್ಟದ ಮೇಲಿನ ಬೂಟು ಇಳಿಸಿ ಭಾಮಿನಿಗೆ ಕೊಟ್ಟೆ. ಅವಳು ಕುಣಿದಳು. ನಾನು ಆ ಎಲೆ ಅಡಿಕೆಯನ್ನೆಲ್ಲ ದನಕ್ಕೆ ಹಾಕಿ, ಹಿತ್ತಲಲ್ಲಿ ಮುಖಕ್ಕೆ ಸೆರಗು ಒತ್ತಿಕೊಂಡು ಅತ್ತೆ. ಯಜಮಾನರು ನೋಡಿಯೂ ನೋಡದ ಹಾಗೆ ರುಬ್ಬುತ್ತಿದ್ದರು.

ಅಳೆಯುವ ದಿನ ಊರೆಲ್ಲ ಕೆರೆಯಲ್ಲಿ. ಮಕ್ಕಳು ಒಬ್ಬೊಬ್ಬರಾಗಿ ನಡುಗೆರೆಯಲ್ಲಿ ಮಡಕೆಗಳ ಸುತ್ತ ಸುತ್ತಿ, ಬಿಲ್ಲೆ ಹೊಡೆದು, ದೊಡ್ಡ ಹುಡುಗರನ್ನು ದಾಟಿ ಗೋಲು ಹಾಕಿ ತೋರಿಸಬೇಕು. ಭಾಮಿನಿ ಮಡಕೆಗೆ ಅಲಗು ತಾಗಿಸದೆ ಸುತ್ತಿದಳು. ಹೊಡೆದ ಬಿಲ್ಲೆಯೆಲ್ಲ ಗೋಲಿನ ಬಲೆಯೊಳಗೆ. ಜನ ಶಿಳ್ಳೆ ಹೊಡೆದರು. ಮೇಷ್ಟ್ರು ಕೆಂಪಾಜಮ್ಮನನ್ನು ಕರೆದರು. ಅವಳು ಮಂಜಿನ ಮೇಲೆ ಗೋಣಿಚೀಲ ಹಾಸಿಕೊಂಡು, ಅದರ ಮೇಲೆ ಬರಿಗಾಲಲ್ಲಿ ನಿಂತಳು. 

"ಎಡಗಡೆ ತಿರುಗೋವಾಗ ತಡಮಾಡ್ತಾಳೆ," ಎಂದಳು ಕೆಂಪಾಜಮ್ಮ. ನಿಜ. ಜನ ಹೂಂ ಎಂದರು.

"ಎರಡನೇದು, ಬಾಯಿ. ಅಮ್ಮನ ಬಾಯೇ ಬಂದಿದೆ. ಎದುರಿಗೆ ಸಿಕ್ಕೋರನ್ನೆಲ್ಲ ಬೈತಾಳೆ. ಬೈಯೋಕೆ ಉಸಿರು ಖರ್ಚು ಮಾಡಿ, ಕೊನೇಲಿ ಓಡೋಕೆ ಉಸಿರಿರಲ್ಲ."

ಜನ ಗೊಳ್ಳೆಂದು ನಕ್ಕರು. ಎರಡೂ ಸಣ್ಣ ತಪ್ಪು. ಮೇಷ್ಟ್ರು ನಡುಗೆರೆ ತಂಡದ ಕಡೆ ಕೈ ಎತ್ತಿಯೇಬಿಟ್ಟಿದ್ದರು.

"ಇರಿ ಮೇಷ್ಟ್ರೇ, ಮುಗಿದಿಲ್ಲ," ಎಂದಳು. "ಈ ಹುಡುಗಿಗೆ ಹೆದರಿಕೆ ಇದೆ. ಮಂಜು ಬಿರುಕು ಬಿಡೋ ಸದ್ದಿಗೆ ಕಣ್ಣು ಮುಚ್ಕೋತಾಳೆ."

ನನ್ನ ಕಾಲ ಕೆಳಗಿನ ಮಂಜೇ ಸೀಳಿದ ಹಾಗಾಯಿತು. ಸುಳ್ಳು ಸುಳ್ಳು ಎಂದು ಯಾರೋ ಕೂಗಿದರು. ಮೇಷ್ಟ್ರು ಭಾಮಿನಿಯನ್ನು ದಡದ ಹತ್ತಿರ ಕರೆದೊಯ್ದು, ಹಿಡಿ ಎಂದು ಬಿಲ್ಲೆಯನ್ನು ಅವಳ ಕಡೆ ಹೊಡೆದರು. ಅದೇ ಹೊತ್ತಿಗೆ ಮಂಜು ಪಟ್ಟೆಂದಿತು. ನನ್ನ ಮಗಳು ಕಣ್ಣು ಬಿಗಿಯಾಗಿ ಮುಚ್ಚಿ, ಕೋಲು ಅಪ್ಪಿಕೊಂಡು ನಿಂತಳು. ಬಿಲ್ಲೆ ಅವಳ ಕಾಲ ಪಕ್ಕದಲ್ಲಿ ನಿಧಾನವಾಗಿ ಜಾರಿಹೋಗಿ ಯಾರದೋ ಮೊಸರಿನ ಗಡಿಗೆಗೆ ತಾಗಿತು. ಯಾರೂ ನಗಲಿಲ್ಲ. ಭಾಮಿನಿ ಕಣ್ಣು ಬಿಟ್ಟು, ಎಲ್ಲರೂ ನೋಡಿದರೆಂದು ತಿಳಿದು, ಮೊದಲು ಹುಡುಕಿದ್ದು ನನ್ನನ್ನಲ್ಲ, ಕೆಂಪಾಜಮ್ಮನನ್ನು. ಎದ್ದುಹೋಗಿ ಅವಳ ಜುಟ್ಟು ಹಿಡಿಯುತ್ತಿದ್ದೆ, ಯಜಮಾನರು ನನ್ನ ಸೆರಗು ಎಳೆದು ಕೂರಿಸಿದರು.

"ಹಾಗಾದ್ರೆ ದಡದ ತಂಡವೇ ಗತಿ," ಎಂದು ಮೇಷ್ಟ್ರು ನಿಟ್ಟುಸಿರು ಬಿಟ್ಟರು.

"ಏನಂದ್ರಿ?" ಕೆಂಪಾಜಮ್ಮ ಸೊಂಟಕ್ಕೆ ಕೈ ಕೊಟ್ಟಳು. "ಆಗದೋರು ಹೇಳಿದ ತಪ್ಪು ಲೆಕ್ಕಕ್ಕೆ ಹಿಡಿದೇ ತಂಡಕ್ಕೆ ಹಾಕ್ಬೇಕು ಅಂತ ತಾನೆ ಪದ್ಧತಿ? ದಡದಲ್ಲಿ ದಿನವಿಡೀ ಮಂಜು ಸಿಡಿಯುತ್ತೆ. ಅಲ್ಲಿ ಇವಳು ಕಂಬ ನಿಂತಂಗೆ ನಿಂತಿರ್ತಾಳೆ. ಈ ಹುಡುಗಿ ದಡಕ್ಕೆ ಲಾಯಕ್ಕಿಲ್ಲ."

"ಸರಿ, ಮೆಟ್ಟಿಲು..."

"ಮೆಟ್ಟಿಲ ಹತ್ರ ಮಂಜು ಬಾಯಿ ಮುಚ್ಕೊಂಡಿರುತ್ತಾ? ಅದಕ್ಕೂ ಲಾಯಕ್ಕಿಲ್ಲ. ಇಂಥ ಹೆದರುಪುಕ್ಕಲೀನ ಸದ್ದೇ ಇಲ್ಲದ ಕಡೆ ಒಯ್ದು ಹಾಕಿ. ನಾನು ಹೇಳಬೇಕಾದ್ದು ಹೇಳಿದೀನಿ. ಆ ಮನೆಯೋರ ಮುಖ ನೋಡ್ಕೊಂಡು ನಿಂತ್ಕೊಳ್ಳೋಕೆ ನನಗೆ ಹೊತ್ತಿಲ್ಲ."

ಗೋಣಿಚೀಲ ಮಡಿಸಿ ಕಂಕುಳಿಗೆ ಇಟ್ಟುಕೊಂಡು, ನಮ್ಮ ಕಡೆ ತಿರುಗಿಯೂ ನೋಡದೆ ಏರಿ ಹತ್ತಿದಳು. ಮೇಷ್ಟ್ರು ತಲೆ ಕೆರೆದರು, ಊರಿನವರ ಮುಖ ನೋಡಿದರು, ಊರಿನವರು ಮೇಷ್ಟ್ರ ಮುಖ ನೋಡಿದರು. ಪದ್ಧತಿ ಅಂದರೆ ಪದ್ಧತಿ. ಕೊನೆಗೆ, "ನಡುಗೆರೆ," ಎಂದರು.

ಮಾರನೆಯ ಬೆಳಿಗ್ಗೆ ನಾನು ಹಿಂಬಾಗಿಲಿನ ಅಗಳಿ ತೆಗೆದೆ. ಮಣೆ ಒರೆಸಿಟ್ಟೆ. ಕಾಯಿ ಒಡೆದು ಮೊದಲ ಚೂರನ್ನು ತಟ್ಟೆಯಲ್ಲಿಟ್ಟು ಕಾದೆ. ಬೈಯಲು ಒಳ್ಳೊಳ್ಳೆಯ ಮಾತು ಕೂಡಿಹಾಕಿಕೊಂಡಿದ್ದೆ. ಅವಳು ಬರಲಿಲ್ಲ. ಮರುದಿನವೂ ಇಲ್ಲ. ತಡೆಯಲಾರದೆ ಭಾಮಿನಿಯನ್ನು ಅಟ್ಟಿದೆ. ಹೋಗಿ ಬಂದವಳು ಬಾಯಿ ತುಂಬ ಎಲೆ ಅಡಿಕೆ ಜಗಿಯುತ್ತಾ, ಪಾಠ ಒಪ್ಪಿಸುವವಳ ಹಾಗೆ ನಿಂತಳು.

"ಕೆಂಪತ್ತೆ ಹೇಳಿದ್ರು, ತಂಡ ಪ್ರತಿ ಬೇಸಿಗೆಗೂ ಹೊಸದಾಗಿ ಕಟ್ತಾರಂತೆ. ಈಗ ರಾಜಿ ಆದ್ರೆ ಮುಂದಿನ ವರ್ಷ ನನ್ನ ತಪ್ಪು ಹೇಳೋರು ಯಾರು ಅಂತ ಕೇಳಿದ್ರು. ನಿಂಗೆ ಹದಿನಾರು ತುಂಬಿ ಆಟ ಮುಗಿಯೋವರೆಗೂ ನಿಮ್ಮಮ್ಮನಿಗೂ ನನಗೂ ಆಗಲ್ಲ ಅಂದ್ರು. ಅದಾದ್ಮೇಲೆ ಹಿಂಬಾಗಿಲಲ್ಲಿ ಬಂದು, ಕುರ್ಚಿ ಹಾಕಿ ಕೂರಿಸಿದ್ಯಾಕೆ ಅಂತ ಜುಟ್ಟು ಹಿಡಿದು ಕೇಳ್ತಾರಂತೆ."

"ಇನ್ನೇನಂದಳು?"

"ಅಳ್ತಿದ್ರು. ಸುಣ್ಣ ಜಾಸ್ತಿ ಆಯ್ತು ಅಂದ್ರು."

ಆಮೇಲಿಂದ ಕೆಂಪಾಜಮ್ಮ ದಿನಾ ಬೆಳಿಗ್ಗೆ ದುಡ್ಡು ಕೊಟ್ಟು ತಿನ್ನುವ ಗಿರಾಕಿಯ ಹಾಗೆ ಮುಂಬಾಗಿಲಿನಿಂದ ಬರುತ್ತಾಳೆ. ಪಕ್ಕದ ಮೇಜಿನಲ್ಲಿ ವರದಯ್ಯ ಮೇಷ್ಟ್ರು ಕಿವಿ ನಿಮಿರಿಸಿಕೊಂಡು ಕೂತಿರುತ್ತಾರೆ. ನಾನು ಕುರ್ಚಿ ಒರೆಸುತ್ತೇನೆ.

"ಬನ್ನಿ ಅಮ್ಮ. ಏನು ಕೊಡಲಿ?"

"ಎರಡು ಇಡ್ಲಿ ಕೊಡಿ. ನಿಮ್ಮ ಚಟ್ನೀಲಿ ಉಪ್ಪು ಜಾಸ್ತಿ ಅಂತ ಊರೆಲ್ಲ ಹೇಳ್ತಾರೆ. ನೋಡ್ಕೊಂಡು ಹಾಕಿ."

ನಾಲಗೆಯ ತುದಿಗೆ ಬಂದಿದ್ದನ್ನೆಲ್ಲ ನುಂಗಿ, "ಆಗಲಿ ಅಮ್ಮ" ಎನ್ನುತ್ತೇನೆ. ಕಾಯಿಯ ಮೊದಲ ಚೂರನ್ನು ಇಡ್ಲಿಯ ಅಡಿಯಲ್ಲಿ ಬಚ್ಚಿಟ್ಟು ಬಡಿಸುತ್ತೇನೆ. ಅವಳು ಸೆರಗು ಮರೆಮಾಡಿಕೊಂಡು ಅದನ್ನು ದವಡೆಗೆ ಸರಿಸಿ, ಎಲೆ ಅಡಿಕೆ ಜಗಿಯುವವಳ ಹಾಗೆ ಮುಖ ಗಂಟು ಹಾಕಿಕೊಂಡು ಜಗಿಯುತ್ತಾಳೆ. ಭಾಮಿನಿಗೆ ಹದಿನಾರು ತುಂಬಲು ಇನ್ನೂ ಐದು ಬೇಸಿಗೆ ಇದೆ. ಅಷ್ಟರೊಳಗೆ ನಾನು ಈ ಮರ್ಯಾದೆಯಿಂದಲೇ ಸತ್ತುಹೋಗದಿದ್ದರೆ ಸಾಕು.